ಹುಬ್ಬಳ್ಳಿ-ಧಾರವಾಡ ದಾರಿಯಲ್ಲಿ ನಮ್ಮ ಗಾಡಿಯ ವೇಗಮಿತಿ ಎಷ್ಟು?

ಘಟ್ಟದ ಮೇಲಿನ ಅಡಿಕೆ, ಕಾಫಿ ಬೆಳೆಗಾರರಾದ ನಮಗೆ ಹುಬ್ಬಳ್ಳಿ-ಧಾರವಾಡದ ಓಡಾಟ ತಪ್ಪಿದ್ದಲ್ಲ. ಪಂಪು, ಮೋಟಾರು, ಯಂತ್ರದ ಬಿಡಿಭಾಗ ಬೇಕಾದರೆ ಹುಬ್ಬಳ್ಳಿ, ಕೃಷಿ ಮೇಳಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕಾಯಿಲೆ ಬಿದ್ದರೆ ಅಲ್ಲಿನ ದೊಡ್ಡ ಆಸ್ಪತ್ರೆಗಳು. ಹೀಗೆ ಹೋಗಿಬರುವ ನಮ್ಮ ಚಾಲಕರಲ್ಲಿ ಅನೇಕರಿಗೆ ಒಂದು ಗೊಂದಲವಿದೆ. ಒಂದು ಫಲಕ 80 ಎನ್ನುತ್ತದೆ, ಇನ್ನೊಂದು 40 ಎನ್ನುತ್ತದೆ, ಕೆಲವು ಕಡೆ ಫಲಕವೇ ಇರುವುದಿಲ್ಲ. ಹಾಗಾದರೆ ನಮ್ಮ ಗಾಡಿಗೆ ಎಷ್ಟು? ಇದನ್ನು ತಿಳಿಯಲು ಮೂರು ಸಂಗತಿ ನೋಡಬೇಕು: ಗಾಡಿ ಯಾವುದು, ರಸ್ತೆ ಎಂಥದು, ಫಲಕ ಏನು ಹೇಳುತ್ತದೆ.

ಮೊದಲನೆಯದು ಗಾಡಿ. ಪಿಕಪ್ಪಿನ ಮುಂಭಾಗ ಜೀಪಿನಂತೆ ಕಂಡರೂ ಆರ್.ಸಿ.ಯಲ್ಲಿ ಅದು ಸರಕು ವಾಹನ. ಮೂಟೆ ಹೇರಿದ್ದರೂ ಅಷ್ಟೆ, ಖಾಲಿ ಬರುತ್ತಿದ್ದರೂ ಅಷ್ಟೆ. ಹೆದ್ದಾರಿಯ ಫಲಕದಲ್ಲಿ ಕಾರಿನ ಚಿತ್ರಕ್ಕೆ ಒಂದು ಅಂಕಿ, ಲಾರಿಯ ಚಿತ್ರಕ್ಕೆ ಇನ್ನೊಂದು ಅಂಕಿ ಇದ್ದರೆ, ಪಿಕಪ್ಪಿನವರು ನೋಡಬೇಕಾದದ್ದು ಲಾರಿಯ ಅಂಕಿಯನ್ನು. ಮೇಳಕ್ಕೆ ಬಾಡಿಗೆಗೆ ಹಿಡಿಯುವ, ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ಟೆಂಪೊ ಕೂಡ ಕಾರಿನ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ರಸ್ತೆ. 'ರಾಷ್ಟ್ರೀಯ ಹೆದ್ದಾರಿ' ಎಂಬ ಹೆಸರಿಗೆ ವೇಗ ನಿಗದಿಯಾಗಿಲ್ಲ. ಪಥ ಎಷ್ಟು, ನಡುವೆ ವಿಭಜಕ ಇದೆಯೇ ಎಂಬುದು ಮುಖ್ಯ. 2018ರ ಏಪ್ರಿಲ್ 6ರ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟ ಗರಿಷ್ಠ ಮಿತಿ ಹೀಗಿದೆ:

ವಿಭಜಕವಿರುವ ನಾಲ್ಕು ಅಥವಾ ಹೆಚ್ಚು ಪಥದ ರಸ್ತೆ: ಕಾರು 100, ಟೆಂಪೊ ಮತ್ತು ಬಸ್ಸು 90, ಸರಕು ವಾಹನ 80, ಮೋಟಾರ್ ಸೈಕಲ್ 80, ಮೂರು ಚಕ್ರದ ಗಾಡಿ 50.

ನಗರದ ಮಿತಿಯೊಳಗಿನ ರಸ್ತೆ ಹಾಗೂ ಇತರ ರಸ್ತೆ: ಕಾರು 70, ಟೆಂಪೊ ಮತ್ತು ಬಸ್ಸು 60, ಸರಕು ವಾಹನ 60, ಮೋಟಾರ್ ಸೈಕಲ್ 60, ಮೂರು ಚಕ್ರದ ಗಾಡಿ 50.

ಈ ಅಧಿಸೂಚನೆಯನ್ನು 2021ರಲ್ಲಿ ಮದ್ರಾಸ್ ಹೈಕೋರ್ಟ್ ರದ್ದುಪಡಿಸಿದ್ದೂ ಉಂಟು. ಆದುದರಿಂದ ಅಂಕಿಗಳನ್ನು ಬಾಯಿಪಾಠ ಮಾಡಿ ವಾದಿಸುವುದಕ್ಕಿಂತ ಫಲಕವನ್ನು ಪಾಲಿಸುವುದೇ ಕ್ಷೇಮ.

ಮೂರನೆಯದು ಫಲಕ. ಇಲ್ಲಿ ಆಕಾರವೇ ಅರ್ಥ. ಕೆಂಪು ಅಂಚಿನ ದುಂಡು ಫಲಕ ಆಜ್ಞೆ. ಅದರೊಳಗಿನ ಅಂಕಿ ಮೀರಿದರೆ ಅಪರಾಧ. ಕೆಂಪು ಅಂಚಿನ ಮುಕ್ಕೋನ ಎಚ್ಚರಿಕೆ. ಮುಂದೆ ತಿರುವು, ಶಾಲೆ, ಕೂಡುರಸ್ತೆ ಇದೆ ಎಂದು ತಿಳಿಸುತ್ತದೆ. ನೀಲಿಯ ಚೌಕ ಕೇವಲ ಮಾಹಿತಿ. ಮೋಟಾರು ವಾಹನ ಕಾಯಿದೆಯ 112ನೇ ಕಲಮಿನಂತೆ ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ನಿರ್ದಿಷ್ಟ ರಸ್ತೆಗೆ ಇನ್ನೂ ಕಡಿಮೆ ಮಿತಿ ಇಡಬಹುದು. ಅಂದರೆ ದುಂಡು ಫಲಕದಲ್ಲಿ 40 ಇದ್ದರೆ, ಅಲ್ಲಿ ಎಲ್ಲ ಗಾಡಿಗೂ 40 ಮಾತ್ರ. ಗಾಡಿಯ ಮಿತಿ, ರಸ್ತೆಯ ಮಿತಿ, ಫಲಕದ ಮಿತಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ.

ಇದು ಪ್ರಾಣದ ಪ್ರಶ್ನೆ ಎಂಬುದಕ್ಕೆ ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸೇ ಸಾಕ್ಷಿ. ಪುಣೆ-ಬೆಂಗಳೂರು ಹೆದ್ದಾರಿ ಎರಡೂ ಬದಿಗೆ ಅಗಲವಾಗಿದ್ದಾಗ, ನಡುವಿನ ಈ ಸುಮಾರು 30 ಕಿಲೋಮೀಟರ್ ಮಾತ್ರ ಬಹುಕಾಲ ವಿಭಜಕವಿಲ್ಲದ ಎರಡೇ ಪಥದಲ್ಲಿ ಉಳಿಯಿತು. ಅಗಲ ರಸ್ತೆಯ ಓಟಕ್ಕೆ ಒಗ್ಗಿದ ಕಣ್ಣು ಮತ್ತು ಕಾಲು ಇಕ್ಕಟ್ಟಿನ ರಸ್ತೆಗೆ ಬಂದರೂ ಬೇಗ ನಿಧಾನಕ್ಕೆ ಇಳಿಯುವುದಿಲ್ಲ. ಎದುರಿನಿಂದ ಬರುವ ಲಾರಿಗೂ ನಮಗೂ ನಡುವೆ ಇರುವುದು ಬಣ್ಣದ ಗೆರೆ ಮಾತ್ರ. 2021ರ ಜನವರಿ 15ರಂದು ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಟೆಂಪೊ ಮತ್ತು ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆರು ಪಥದ ಕಾಮಗಾರಿಗೆ 2022ರಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಕಲಘಟಗಿ, ಮುಂಡಗೋಡ ದಾರಿಗಳಲ್ಲೂ ಎರಡು ಪಥದ ಭಾಗಗಳಿಗೆ ಇದೇ ಎಚ್ಚರ ಬೇಕು.

60ಕ್ಕೂ 80ಕ್ಕೂ ಏನು ಮಹಾ ವ್ಯತ್ಯಾಸ ಎನ್ನುವವರು ಈ ಲೆಕ್ಕ ನೋಡಬೇಕು. 60ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 80ರಲ್ಲಿ 22 ಮೀಟರ್. ಬ್ರೇಕ್ ಒತ್ತಿದ ಮೇಲೆ ಓಡುವ ದೂರವಾದರೋ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಮೂರನೇ ಒಂದು ಪಾಲು ಏರಿದರೆ, ಆ ದೂರ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು.

ಗಾಡಿಯ ಮಾಲೀಕರಾದ ಸದಸ್ಯರು ಇನ್ನೊಂದು ವಿಷಯ ಗಮನಿಸಬೇಕು. ಕಾಯಿದೆಯ 183ನೇ ಕಲಮಿನಂತೆ ಅತಿವೇಗದಿಂದ ಓಡಿಸಿದ ಚಾಲಕನಷ್ಟೇ ಅಲ್ಲ, ತನ್ನ ನೌಕರನಿಂದ ಹಾಗೆ ಓಡಿಸಿದವನೂ ತಪ್ಪಿತಸ್ಥ. 2019ರ ತಿದ್ದುಪಡಿಯ ಬಳಿಕ ಲಘು ವಾಹನಕ್ಕೆ ಕಾಯಿದೆಯ ದಂಡ 1,000ದಿಂದ 2,000 ರೂಪಾಯಿ; ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ. 'ಅಂಗಡಿ ಮುಚ್ಚುವುದರೊಳಗೆ ಮುಟ್ಟಬೇಕು ನೋಡು' ಎಂದು ಚಾಲಕನನ್ನು ಅವಸರಪಡಿಸುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ನಮ್ಮ ಸಲಹೆ ಇಷ್ಟೆ. ಪಿಕಪ್ಪಿನ ಸ್ಟಿಯರಿಂಗ್ ಮುಂದೆ ಒಂದು ಚೀಟಿ ಅಂಟಿಸಿ: 'ನಗರದ ಹೊರಗೆ ವಿಭಜಕವಿರುವ ನಾಲ್ಕು ಪಥವಿದ್ದರೆ 80, ಉಳಿದೆಡೆ 60, ದುಂಡು ಫಲಕದಲ್ಲಿ ಕಡಿಮೆ ಇದ್ದರೆ ಅದರಷ್ಟೇ.' ಮನೆಯಿಂದ ಅರ್ಧ ಗಂಟೆ ಮುಂಚೆ ಹೊರಡಿ. ತೋಟದ ಕೆಲಸ ಒಂದು ದಿನ ತಡವಾದರೆ ಮರುದಿನ ಮಾಡಿಕೊಳ್ಳಬಹುದು. ದಾರಿಯಲ್ಲಿ ಹೋದ ಜೀವ ಮರಳಿ ಬರುವುದಿಲ್ಲ.