ಅಕ್ರೋಟಿನ ಚಿಪ್ಪು ನೆನೆಯುವವರೆಗೆ

ಸಮತಲದ ಮೇಲೆ ಒಂದು ಬಿಂದುವಿನಿಂದ ಸಮದೂರದಲ್ಲಿರುವ ಬಿಂದುಗಳೆಲ್ಲ ಸೇರಿದರೆ ವೃತ್ತ. ನಾವು ಶಾಲೆಯಲ್ಲಿ ಉರು ಹೊಡೆದ ಈ ವ್ಯಾಖ್ಯೆಯನ್ನು ಗಣಿತಜ್ಞ ಅಲೆಕ್ಸಾಂಡರ್ ಗ್ರೋಥೆಂಡೀಕ್ ಕಲಿತದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ದಕ್ಷಿಣ ಫ್ರಾನ್ಸಿನ ಬಂಧನ ಶಿಬಿರವೊಂದರಲ್ಲಿ, ಜೊತೆಯ ಸೆರೆಯಾಳು ಹುಡುಗಿಯ ಬಾಯಿಂದ. ತಾಯಿಯೊಂದಿಗೆ ಅಲ್ಲಿ ದಿನ ದೂಡುತ್ತಿದ್ದ ಹುಡುಗನಿಗೆ ಹನ್ನೆರಡರ ಆಸುಪಾಸು. 1942ರಲ್ಲಿ ತಂದೆ ಆಶ್ವಿಟ್ಜ್‌ನಲ್ಲಿ ಸತ್ತರು. ಸುತ್ತ ಎಲ್ಲವೂ ಕುಸಿಯುತ್ತಿದ್ದಾಗ ಆ ಒಂದು ವಾಕ್ಯ ಮಾತ್ರ ಅಲುಗಲಿಲ್ಲ. ಅದರ ನಿಚ್ಚಳತನಕ್ಕೆ ಬೆರಗಾದದ್ದನ್ನು ಅರವತ್ತರ ಹೊಸ್ತಿಲಲ್ಲೂ ಅವರು ನೆನೆದು ಬರೆದರು.

ಯುದ್ಧ ಮುಗಿದ ಮೇಲೆ ಮೋಂಪೆಲ್ಯೆಯಲ್ಲಿ ಓದುತ್ತ, ಉದ್ದ, ವಿಸ್ತೀರ್ಣ, ಘನಫಲ ಎಂದರೆ ನಿಜಕ್ಕೂ ಏನು ಎಂಬ ಪ್ರಶ್ನೆ ಹಿಡಿದು ಒಬ್ಬರೇ ಮೂರು ವರ್ಷ ಕೂತರು. ಪ್ಯಾರಿಸ್ಸಿಗೆ ಹೋದಾಗ ತಿಳಿಯಿತು, ಲೆಬೆಗ್ ಎಂಬ ಗಣಿತಜ್ಞರು ಅದನ್ನು ಎಂದೋ ಮಾಡಿ ಮುಗಿಸಿದ್ದರು. ಆ ಮೂರು ವರ್ಷ ಹಾಳಾಯಿತೆಂದು ಅವರು ಮರುಗಲಿಲ್ಲ. ಒಂಟಿಯಾಗಿ ಕೂರುವುದನ್ನು ಕಲಿತದ್ದು ಅಲ್ಲೇ ಎಂದರು. ಬೀಜಗಣಿತೀಯ ಜ್ಯಾಮಿತಿ ಎಂಬ ಗಣಿತ ಶಾಖೆಯನ್ನು ಬುಡದಿಂದ ಹೊಸದಾಗಿ ಕಟ್ಟಿದ್ದು ಈ ಕೂರುವ ಶಕ್ತಿಯೇ ಎಂದು ನನ್ನ ನಂಬಿಕೆ. ಅವರದೇ ಹೋಲಿಕೆ ಇದೆ: ಅಕ್ರೋಟನ್ನು ಸುತ್ತಿಗೆಯಿಂದ ಒಡೆಯಬಹುದು. ಇಲ್ಲವೇ ನೀರಿನಲ್ಲಿ ನೆನೆಯಲು ಬಿಡಬಹುದು. ವಾರ, ತಿಂಗಳು ಕಳೆದಂತೆ ಚಿಪ್ಪು ಮೆತ್ತಗಾಗಿ, ಕೈಯಿಂದ ಅದುಮಿದರೆ ಸಾಕು. ಅವರು ನೆನೆಸುವವರು.

1966ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು. ಸೋವಿಯತ್ ಆಡಳಿತವನ್ನು ಪ್ರತಿಭಟಿಸಿ, ಅದನ್ನು ಪಡೆಯಲು ಮಾಸ್ಕೋಗೆ ಹೋಗಲೇ ಇಲ್ಲ. ತಾವು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಸೇನೆಯ ಹಣ ಬರುತ್ತಿದೆಯೆಂದು ಗೊತ್ತಾದಾಗ, 1970ರಲ್ಲಿ ಅದನ್ನೂ ಬಿಟ್ಟರು. 1988ರ ಕ್ರಾಫೋರ್ಡ್ ಪ್ರಶಸ್ತಿ ಬೇಡವೆಂದು ಬರೆದ ಪತ್ರ ‘ಲ ಮೋಂದ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಸಾರ ಇಷ್ಟು: ನನ್ನ ಸಂಬಳ, ಮುಂದೆ ಬರುವ ಪಿಂಚಣಿ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಹೊಸ ವಿಚಾರ ಫಲವತ್ತೋ ಅಲ್ಲವೋ ಎಂಬುದಕ್ಕೆ ಕಾಲವೊಂದೇ ಒರೆಗಲ್ಲು. ಬಿರುದುಗಳು ಉಳ್ಳವರಿಗೇ ಇನ್ನಷ್ಟು ಬಡಿಸುತ್ತವೆ. ಸಹೋದ್ಯೋಗಿಗಳ ನಡುವೆ ವಿಚಾರಗಳ ಕಳ್ಳತನ ಮಾಮೂಲಾಗಿದೆ ಎಂಬ ಆರೋಪವೂ ಅದರಲ್ಲಿತ್ತು. ಈ ಕೊನೆಯ ಮಾತನ್ನು ನಾವು ಮರೆಯಬಾರದು. ಕೀರ್ತಿ ಬಿಟ್ಟವರನ್ನು ಥಟ್ಟನೆ ಋಷಿ ಎಂದುಬಿಡುವ ಚಾಳಿ ನಮ್ಮದು. ಗ್ರೋಥೆಂಡೀಕರ ಏಕಾಂತದಲ್ಲಿ ಶಾಂತಿಯಷ್ಟೇ ಇರಲಿಲ್ಲ, ಆರದ ಗಾಯವೂ ಇತ್ತು. ತಮ್ಮ ಕೆಲಸವನ್ನು ಶಿಷ್ಯರೇ ಹೂತುಹಾಕಿದರೆಂಬ ನೋವನ್ನು ಅವರು ನೂರಾರು ಪುಟ ತೋಡಿಕೊಂಡರು. ಸತ್ಯವನ್ನೇ ನೆಚ್ಚಿದವರಿಗೆ ಮನುಷ್ಯರು ಇಷ್ಟು ದೂರವಾದದ್ದು ನನ್ನನ್ನು ಕಲಕುತ್ತದೆ.

1991ರಲ್ಲಿ ಪಿರನೀಸ್ ಬೆಟ್ಟದ ತಪ್ಪಲಿನ ಲಾಸೆರ್ ಎಂಬ ಹಳ್ಳಿ ಸೇರಿದರು. ಹೆಚ್ಚಿನವರಿಗೆ ವಿಳಾಸವೇ ಗೊತ್ತಿರಲಿಲ್ಲ. ತಮ್ಮ ಬರಹಗಳನ್ನು ಮತ್ತೆ ಪ್ರಕಟಿಸಕೂಡದೆಂದು 2010ರಲ್ಲಿ ಪತ್ರ ಬರೆದರು. 2014ರ ನವೆಂಬರ್ 13ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಳ್ಳಿಗೆ ಹೊರಡುವ ಮುನ್ನ ಶಿಷ್ಯರೊಬ್ಬರ ಕೈಗೊಪ್ಪಿಸಿದ ಸುಮಾರು 28,000 ಪುಟಗಳ ಪೈಕಿ 18,000ದಷ್ಟನ್ನು ಮೋಂಪೆಲ್ಯೆ ವಿಶ್ವವಿದ್ಯಾಲಯ 2017ರಲ್ಲಿ ಅಂತರ್ಜಾಲಕ್ಕೆ ಏರಿಸಿತು. ಅವಸರದ ಕೈಬರಹ, ಓದಲು ತಿಣುಕಬೇಕು. ಗಣಿತಜ್ಞರು ಒಂದೊಂದೇ ಅಕ್ಷರ ಬಿಡಿಸುತ್ತ ಕೂತಿದ್ದಾರೆ.