ತರಕಾರಿ ಜ್ಯೂಸ್‌ಗೆ ಜ್ಯೂಸರ್ರೇ ಬೇಕಾ, ಮಿಕ್ಸಿ ಸಾಕಾ?

‘ಮಿಕ್ಸಿಯ ಬಿಸಿಗೆ ಪೋಷಕಾಂಶ ಹಾಳಾಗುತ್ತದೆ, ಜ್ಯೂಸರ್ ಕೊಳ್ಳಿ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಒಂದು ನಿಮಿಷ ತಿರುಗಿದ ಮಿಕ್ಸಿಯ ಬಿಸಿ, ನಾವು ದಿನಾ ಕುದಿಸುವ ಸಾರಿನ ಮುಂದೆ ಏನೂ ಅಲ್ಲ. ನಿಜವಾದ ನಷ್ಟ ಜ್ಯೂಸರ್‌ನಲ್ಲೇ: ಕ್ಯಾರೆಟ್, ಬೀಟ್‌ರೂಟ್‌ನ ನಾರೆಲ್ಲ ಚರಟವಾಗಿ ಕಸದ ಬುಟ್ಟಿಗೆ ಹೋಗುತ್ತದೆ. ಶುಗರ್ ಇರುವವರಿಗಂತೂ ಆ ನಾರು ಬೇಕೇ ಬೇಕು. ಮಿಕ್ಸಿಯಲ್ಲಿ ರುಬ್ಬಿ, ಸೋಸದೆ ಕುಡಿಯಿರಿ. (ಸೋಸಿದರೆ ಎರಡೂ ಒಂದೇ!)

ಆದರೆ ಸೋರೆಕಾಯಿ ಜ್ಯೂಸ್ ಮಾಡುವವರು ಮೊದಲು ಸಣ್ಣ ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ. ಅದರಿಂದ ರಕ್ತವಾಂತಿಯಾಗಿ ಜೀವ ಹೋದದ್ದೂ ಉಂಟು. ಜೇನು, ನಿಂಬೆ ಬೆರೆಸಿದರೆ ಕಹಿ ಮರೆಯಾದೀತು, ವಿಷ ಹೋಗದು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.