ತುಂಬದ ಗುಂಡಿಯ ಹೆಮ್ಮೆ ಬೇಡ

ಮನೆ ಕಟ್ಟಿಸುವವರು ಮುಂಬಾಗಿಲಿನ ತೇಗದ ಮರಕ್ಕಾಗಿ ನಾಲ್ಕು ಊರು ಸುತ್ತುತ್ತಾರೆ. ನೆಲಕ್ಕೆ ಹಾಸುವ ಕಲ್ಲಿನ ಬಣ್ಣದ ಬಗ್ಗೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಆದರೆ ಸೆಪ್ಟಿಕ್ ಟ್ಯಾಂಕಿನ ಮಾತು ಬಂದಾಗ 'ಅದೆಲ್ಲ ಮೇಸ್ತ್ರಿಗೆ ಗೊತ್ತು ಬಿಡಿ' ಎಂದು ಮುಗಿಸಿಬಿಡುತ್ತಾರೆ. ಮೇಸ್ತ್ರಿಯೂ ಅಷ್ಟೆ. ಹಿತ್ತಿಲಲ್ಲಿ ಹನ್ನೆರಡು ಹದಿನೈದು ಅಡಿ ಆಳದ ಗುಂಡಿ ತೋಡಿಸಿ, ಸುತ್ತ ಸೈಜುಗಲ್ಲನ್ನು ಗಾರೆಯಿಲ್ಲದೆ ಜೋಡಿಸಿ, ತಳವನ್ನು ಮಣ್ಣಿನದಾಗಿಯೇ ಬಿಟ್ಟು, ಮೇಲೊಂದು ಚಪ್ಪಡಿ ಎಳೆಸಿ, 'ಇಪ್ಪತ್ತು ವರ್ಷ ತುಂಬೋದಿಲ್ಲ ಸ್ವಾಮಿ' ಎಂದು ಭರವಸೆ ಕೊಡುತ್ತಾನೆ. ಮನೆಯವರಿಗೂ ಅದೊಂದು ಹೆಮ್ಮೆಯೇ.

ಇಲ್ಲಿ ಹೈಸ್ಕೂಲು ವಿದ್ಯಾರ್ಥಿಯೂ ಕೇಳಬಹುದಾದ ಒಂದು ಪ್ರಶ್ನೆಯಿದೆ. ದ್ರವ್ಯವು ನಾಶವಾಗುವುದಿಲ್ಲ ಎಂದು ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಐದು ಜನರ ಮನೆಯಿಂದ ದಿನವೂ ನೀರು ಬೀಳುವ ಗುಂಡಿ ತುಂಬುವುದೇ ಇಲ್ಲವೆಂದರೆ ಆ ನೀರು ಹೋಗುವುದೆಲ್ಲಿಗೆ? ಮಣ್ಣಿಗೆ, ಮಣ್ಣಿನಿಂದ ಅಂತರ್ಜಲಕ್ಕೆ, ಅಲ್ಲಿಂದ ನಮ್ಮದೋ ನೆರೆಯವರದೋ ಬಾವಿಗೆ. ನಿಜವಾದ ಸೆಪ್ಟಿಕ್ ಟ್ಯಾಂಕ್ ಎಂದರೆ ತಳವೂ ಗೋಡೆಯೂ ಸೋರದ ತೊಟ್ಟಿ. ಅದು ಸದಾ ತುಂಬಿಯೇ ಇರಬೇಕು.

ತೊಟ್ಟಿಯೊಳಗೆ ನಡೆಯುವುದೇನು?

ಸೋರದ ತೊಟ್ಟಿಯಲ್ಲಿ ಮಲವನ್ನು ನಿಲ್ಲಿಸುವ ಪ್ರಯೋಗವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮೂರಾಸ್ ಎಂಬಾತ ಮಾಡಿದ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರಲ್ಲಿ ಅದನ್ನು ಸುಧಾರಿಸಿ 'ಸೆಪ್ಟಿಕ್ ಟ್ಯಾಂಕ್' ಎಂದು ಕರೆದ. ಸೆಪ್ಟಿಕ್ ಎಂಬ ಪದದ ಗ್ರೀಕ್ ಮೂಲಕ್ಕೆ ಕೊಳೆಯಿಸುವುದು ಎಂದೇ ಅರ್ಥ.

ಇದರ ತತ್ತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಗಾಜಿನ ಜಾಡಿಯೊಂದರಲ್ಲಿ ನೀರು ತುಂಬಿ, ಒಂದು ಹಿಡಿ ಮಣ್ಣು, ಎರಡು ಚಮಚ ಅಡುಗೆ ಎಣ್ಣೆ ಹಾಕಿ ಚೆನ್ನಾಗಿ ಕಲಕಿ ಅಲುಗಾಡದಂತೆ ಇಡಿ. ಸ್ವಲ್ಪ ಹೊತ್ತಿನಲ್ಲಿ ಮಣ್ಣು ತಳ ಸೇರುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ನಡುವೆ ಸಾಕಷ್ಟು ತಿಳಿಯಾದ ನೀರು ಉಳಿಯುತ್ತದೆ. ಟ್ಯಾಂಕಿನಲ್ಲೂ ಹೀಗೆಯೇ. ತಳದಲ್ಲಿ ಕೆಸರು, ಮೇಲೆ ಜಿಡ್ಡಿನ ಕೆನೆ, ನಡುವೆ ತಿಳಿನೀರು. ತಳದ ಕೆಸರನ್ನು ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳು ನಿಧಾನವಾಗಿ ತಿಂದು ಕರಗಿಸುತ್ತವೆ. ಮಿಥೇನ್, ಇಂಗಾಲದ ಡೈ ಆಕ್ಸೈಡ್ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತವೆ. ಎಲ್ಲಕ್ಕೂ ಬೇಕಾದ್ದು ನಿಂತ ನೀರು ಮತ್ತು ಸಮಯ. ಕೊಳೆನೀರು ಕನಿಷ್ಠ ಒಂದು ದಿನವಾದರೂ ಟ್ಯಾಂಕಿನಲ್ಲಿ ನಿಲ್ಲಬೇಕು.

ಸಾಮಗ್ರಿ ಯಾವುದು, ಏಕೆ?

ಭಾರತೀಯ ಮಾನಕ ಐ.ಎಸ್. 2470ರಲ್ಲಿ ಈ ಕೆಲಸಕ್ಕೆ ಅಳತೆಗಳಿವೆ. ಐದು ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1.05 ಮೀಟರ್. ಗುಣಿಸಿ ನೋಡಿದರೆ ಸುಮಾರು 1180 ಲೀಟರ್. ನೀರಿನ ಮಟ್ಟದ ಮೇಲೆ ಇನ್ನೊಂದು ಅಡಿ ಖಾಲಿ ಜಾಗ. ಅಂದರೆ ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಆಳದ ಪುಟ್ಟ ತೊಟ್ಟಿ ಸಾಕು. ಹದಿನೈದು ಅಡಿಯ ಪಾತಾಳ ಬೇಕಿಲ್ಲ. ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನೂ ಇದಕ್ಕೇ ಬಿಟ್ಟರೆ ಕೊಳೆನೀರು ನಿಲ್ಲುವ ಸಮಯ ಕಡಿಮೆಯಾಗುತ್ತದೆ. ಜಾಗವಿದ್ದವರು ಅದನ್ನು ಬಾಳೆಗಿಡದ ಪಾತಿಗೆ ಹರಿಸುವುದು ಮೇಲು. ಮಳೆನೀರಂತೂ ಒಳಗೆ ಬರಲೇಬಾರದು.

ತಳಕ್ಕೆ ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿಯ ಕಾಂಕ್ರೀಟು, ಆರು ಇಂಚು ದಪ್ಪ. ಗೋಡೆಗೆ ಚೆನ್ನಾಗಿ ಬೆಂದ ಇಟ್ಟಿಗೆ, ಘನ ಸಿಮೆಂಟ್ ಇಟ್ಟಿಗೆ ಅಥವಾ ಕಲ್ಲು, ಯಾವುದಾದರೂ ಸಿಮೆಂಟ್ ಗಾರೆಯಲ್ಲಿ. ಒಳಗೂ ಹೊರಗೂ ಒಂದಕ್ಕೆ ಮೂರರ ಗಾರೆಯಲ್ಲಿ ಪ್ಲಾಸ್ಟರು. ಕೆಲಸ ಮುಗಿದು ಗಾರೆ ಗಟ್ಟಿಯಾದ ಮೇಲೆ ನೀರು ತುಂಬಿಸಿ, ಮಟ್ಟಕ್ಕೆ ಸುಣ್ಣದ ಗುರುತು ಹಾಕಿ ಒಂದು ದಿನ ಬಿಡಿ. ಗುರುತು ಬಿಟ್ಟು ನೀರು ಗಮನಾರ್ಹವಾಗಿ ಇಳಿದಿದ್ದರೆ ತೊಟ್ಟಿ ಸೋರುತ್ತಿದೆ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಈ ಪರೀಕ್ಷೆ ಆಗಬೇಕು.

ಸಿದ್ಧ ಪ್ಲಾಸ್ಟಿಕ್ ಟ್ಯಾಂಕುಗಳೂ ದೊರೆಯುತ್ತವೆ. ಅವು ಸೋರುವುದಿಲ್ಲ, ಆದರೆ ಹಗುರ. ಮಳೆಗಾಲದಲ್ಲಿ ಅಂತರ್ಜಲ ಮೇಲೇರುವ ಕರಾವಳಿಯಂಥ ಕಡೆ ಖಾಲಿ ಟ್ಯಾಂಕು ಆರ್ಕಿಮಿಡೀಸನ ತತ್ತ್ವದಂತೆ ನೆಲದಿಂದ ಮೇಲಕ್ಕೆ ತೇಲಿ ಬರಬಹುದು. ಅಲ್ಲಿ ಕಾಂಕ್ರೀಟು ಹಾಸಿಗೆಗೆ ಬಿಗಿಯಬೇಕು. ಸುತ್ತ ಮಣ್ಣು ತುಂಬುವಾಗ ಒಳಗೆ ನೀರನ್ನೂ ತುಂಬುತ್ತ ಬರಬೇಕು.

ಚಿಕ್ಕ 'ಟೀ', ದೊಡ್ಡ ಕೆಲಸ

ಕಕ್ಕಸಿನಿಂದ ಟ್ಯಾಂಕಿಗೆ ನಾಲ್ಕು ಇಂಚಿನ ಪೈಪು, 40 ಅಡಿಗೆ ಒಂದು ಅಡಿಯಂತೆ ಇಳಿಜಾರು. ಪೈಪು ತಿರುಗುವಲ್ಲಿ ಒಂದೇ ಕಡಿದಾದ ಎಲ್ಬೋ ಬದಲು ಎರಡು ಅರ್ಧ ಬೆಂಡುಗಳನ್ನು ಹಾಕಿದರೆ ಕಟ್ಟಿಕೊಳ್ಳುವುದು ಕಡಿಮೆ.

ಇಡೀ ಪಟ್ಟಿಯಲ್ಲಿ ಬಹಳ ಅಗ್ಗದ, ಆದರೆ ಹೆಚ್ಚಾಗಿ ಮರೆತುಹೋಗುವ ವಸ್ತು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪೈಪು. ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು. ಇದರ ಕೆಳಗಿನ ಬಾಯಿ ನೀರಿನೊಳಗೆ ಸುಮಾರು ಒಂದು ಅಡಿ ಮುಳುಗಿರಬೇಕು. ಒಳಬರುವ ಟೀ ರಭಸದ ನೀರನ್ನು ತಗ್ಗಿಸಿ ಕೆನೆ ಕದಡದಂತೆ ನೋಡಿಕೊಳ್ಳುತ್ತದೆ. ಹೊರಹೋಗುವ ಟೀ ಮೇಲಿನ ಕೆನೆಯನ್ನೂ ತಳದ ಕೆಸರನ್ನೂ ಬಿಟ್ಟು ನಡುವಿನ ತಿಳಿನೀರನ್ನಷ್ಟೇ ಎತ್ತಿಕೊಳ್ಳುತ್ತದೆ. ಇದಿಲ್ಲದಿದ್ದರೆ ಜಿಡ್ಡು ನೇರವಾಗಿ ಇಂಗುಗುಂಡಿಗೆ ಹೋಗಿ ಅದರ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಹೊರಹೋಗುವ ಪೈಪು ಒಳಬರುವುದಕ್ಕಿಂತ ಎರಡು ಇಂಚು ಕೆಳಗಿರಬೇಕೆಂಬುದನ್ನೂ ಮರೆಯಬಾರದು.

ಗಾಳಿಕೊಳವೆ ಕನಿಷ್ಠ ಎರಡು ಇಂಚಿನದು. ಟ್ಯಾಂಕು ಮನೆಗೆ ಹತ್ತಿರವಿದ್ದರೆ ಅದು ಮಾಡಿನಿಂದಲೂ ಎರಡು ಮೀಟರ್ ಎತ್ತರಕ್ಕೆ ಹೋಗಬೇಕು. ತುದಿಗೆ ಸೊಳ್ಳೆಪರದೆ ಕಟ್ಟಲೇಬೇಕು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಕೊಳಕು ನೀರೇ ತವರು. ಅಂಗೈಯಗಲದ ನೈಲಾನ್ ಬಲೆ ಇಡೀ ಬೀದಿಗೆ ಉಪಕಾರಿ.

ಹೊರಬಂದ ನೀರು ಶುದ್ಧವಲ್ಲ

ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣುಗಳಿವೆ. ಚರಂಡಿಗೆ ಬಿಡುವುದು ತಪ್ಪು. ಇಂಗುಗುಂಡಿಯ ಮಣ್ಣಿನಲ್ಲಿ ಅದು ಸೋಸಿಹೋಗಬೇಕು. ಈ ಗುಂಡಿಗೆ ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆ ಅಥವಾ ಕಲ್ಲು ಹಾಕಬಹುದು, ಇಲ್ಲವೇ ಇಟ್ಟಿಗೆ ಚೂರು, ದಪ್ಪ ಜಲ್ಲಿ ತುಂಬಬಹುದು. ವ್ಯಾಸ ಕನಿಷ್ಠ ಮೂರು ಅಡಿ. ಪೈಪು ಬಂದು ಸೇರುವ ಮಟ್ಟದಿಂದ ಕೆಳಗೆ ಕನಿಷ್ಠ ಒಂದು ಮೀಟರ್ ಆಳ. ತಳ ಅಂತರ್ಜಲವನ್ನು ಮುಟ್ಟಬಾರದು. ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ 60 ಅಡಿ ದೂರವಿರಬೇಕು. ನಮ್ಮ ಬಾವಿಯಷ್ಟೇ ಅಲ್ಲ, ಬೇಲಿಯಾಚೆಯ ಬಾವಿಯಿಂದಲೂ.

ಮಣ್ಣಿನ ಗುಣವನ್ನೂ ನೋಡಬೇಕು. ಕರಾವಳಿಯ ಮುರಕಲ್ಲಿನಲ್ಲಿ ತೂತು, ಬಿರುಕುಗಳು ಹೆಚ್ಚು. ನೀರು ಸೋಸದೆಯೇ ಹರಿದುಹೋಗಬಹುದು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ನೀರು ಇಂಗುವುದೇ ಕಷ್ಟ. ಅಲ್ಲಿ ಜಲ್ಲಿ ತುಂಬಿದ ಉದ್ದನೆಯ ಕಾಲುವೆಯಲ್ಲಿ ನೀರನ್ನು ಹರಡಿ ಬಿಡುವ ಕ್ರಮದ ಬಗ್ಗೆ ಇಂಜಿನಿಯರರನ್ನು ಕೇಳುವುದು ಒಳ್ಳೆಯದು. ಇಂಗಿದ ಕೊಳೆನೀರಿನಿಂದ ಬಾವಿಗೆ ಸೇರುವುದು ರೋಗಾಣುವಷ್ಟೇ ಅಲ್ಲ, ನೈಟ್ರೇಟ್ ಕೂಡ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಬಹಳ ಹೆಚ್ಚಾದರೆ ಎಳೆಯ ಕೂಸುಗಳ ರಕ್ತ ಆಮ್ಲಜನಕವನ್ನು ಸರಿಯಾಗಿ ಒಯ್ಯಲಾರದೆ ಮೈ ನೀಲಿಗಟ್ಟುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ.

ಮುಚ್ಚಳದ ಮೇಲೆ ಜೀವದ ಹೊಣೆ

ಹೊಸ ಟ್ಯಾಂಕಿಗೆ ನೀರು ತುಂಬಿ ಒಂದಿಷ್ಟು ಕಳಿತ ಸಗಣಿ ಹಾಕಿದರೆ ಬ್ಯಾಕ್ಟೀರಿಯ ಬೇಗ ನೆಲೆಯೂರುತ್ತದೆ. ಆಮೇಲೆ ದಿನವೂ ಆಸಿಡ್, ಫಿನಾಯಿಲ್ ಸುರಿದು ಅವನ್ನು ಕೊಲ್ಲಬಾರದು. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ಅದಕ್ಕಾಗಿ ಚಪ್ಪಡಿಯಲ್ಲಿ 20 ಇಂಚಿನ ಬಾಯಿ ಮತ್ತು ಗಟ್ಟಿ ಮುಚ್ಚಳ ಬೇಕು. ಟ್ಯಾಂಕಿನ ಹೈಡ್ರೋಜನ್ ಸಲ್ಫೈಡ್ ತೇವದ ಚಪ್ಪಡಿಯ ಅಡಿಯಲ್ಲಿ ಬ್ಯಾಕ್ಟೀರಿಯಗಳಿಂದ ಗಂಧಕಾಮ್ಲವಾಗಿ ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಹಳೆಯ ಚಪ್ಪಡಿ ಒಳಗೆ ಟೊಳ್ಳಾಗಿರಬಹುದು. ಮಕ್ಕಳು ಅದರ ಮೇಲೆ ಆಡಬಾರದು.

ತಂದೆತಾಯಿಗಳು ಅವಶ್ಯವಾಗಿ ನೆನಪಿಡಬೇಕಾದ ಮಾತು ಇದು: ಟ್ಯಾಂಕಿನೊಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯೂ ತಿಳಿಯುವುದಿಲ್ಲ. ಇಳಿದವನು ಕ್ಷಣದಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ದೀಪ ಇಳಿಸಿ ಪರೀಕ್ಷಿಸುವ ಹಳೆಯ ಪದ್ಧತಿಯಂತೂ ಮಿಥೇನ್ ಇರುವಲ್ಲಿ ಸಿಡಿತಕ್ಕೆ ಆಹ್ವಾನ.

2013ರ ಕಾನೂನಿನ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಇದಕ್ಕೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಈ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವರು. ಹೀಗೆ ಹೀರಿ ತಂದ ಕೆಸರನ್ನು ಗೊಬ್ಬರವಾಗಿಸುವ ಘಟಕವೂ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾಯಿತು.

ಆದ್ದರಿಂದ ಸಾಮಗ್ರಿಯ ಪಟ್ಟಿಯಲ್ಲಿ ಇನ್ನೊಂದನ್ನೂ ಸೇರಿಸಿ: ಹೀರುವ ಯಂತ್ರದ ವಾಹನ ಬಂದು ನಿಲ್ಲಲು, ಅದರ ಕೊಳವೆ ಎಳೆಯಲು ದಾರಿ. ಟ್ಯಾಂಕನ್ನು ಹಿತ್ತಿಲ ಮೂಲೆಯಲ್ಲಿ ಹೂತು ಅದರ ಮೇಲೆ ನೆಲಗಟ್ಟು ಹಾಸಿದರೆ ಕೊನೆಗೆ ಯಾರೋ ಒಬ್ಬ ಬಡವ ಹಾರೆ, ಬಕೀಟು ಹಿಡಿದು ಬರಬೇಕಾಗುತ್ತದೆ. ಟ್ಯಾಂಕು, ಟೀ, ಇಂಗುಗುಂಡಿ, ಬಾವಿ ಎಲ್ಲೆಲ್ಲಿವೆ, ಎಷ್ಟೆಷ್ಟು ದೂರ ಎಂದು ನಕ್ಷೆ ಬರೆಯುವ ಕೆಲಸವನ್ನು ಮನೆಯ ಹೈಸ್ಕೂಲು ಮಕ್ಕಳಿಗೆ ಒಪ್ಪಿಸಿ. ಅಳತೆಪಟ್ಟಿ ಹಿಡಿದು ಅರ್ಧ ದಿನದಲ್ಲಿ ಮಾಡುತ್ತಾರೆ. ಆ ನಕ್ಷೆಯನ್ನು ಮನೆಯ ಪತ್ರಗಳ ಜೊತೆಯಲ್ಲೇ ಇಡಿ, ಕೆಸರು ತೆಗೆಸಿದ ತಾರೀಖನ್ನು ಅದರ ಬೆನ್ನ ಮೇಲೆ ಬರೆಯುತ್ತ ಹೋಗಿ.